ಮುಚ್ಚದೆ ತೆರೆಯದ ಬಾಗಿಲು

ಮೊನ್ನೆ ಮಗಳ ಲಂಗದ ಅಂಚು ಬಿಚ್ಚಿಹೋಗಿದೆಯೆಂದು ದಾರದ ಡಬ್ಬಿ ತೆಗೆದರೆ ಕೈಗೆ ಸಿಕ್ಕಿದ್ದು ದಾರವಲ್ಲ, ಒಂದು ಸರಪಳಿ. ಗೇಣುದ್ದ ಇದೆ. ಒಂದು ತುದಿಗೆ ಅಂಗಿಯ ಗುಂಡಿಯಂಥ ತಲೆ, ಜೊತೆಗೆ ಉದ್ದ ಸೀಳಿರುವ ಒಂದು ಹಿತ್ತಾಳೆ ಪಟ್ಟಿ, ತುಕ್ಕು ಹಿಡಿದ ಮೂರು ಸ್ಕ್ರೂ. ವಿಶಾಖಪಟ್ಟಣದ ಬಾಡಿಗೆ ಮನೆ ಬಿಡುವಾಗ ನಮ್ಮವರು ಬಾಗಿಲಿನಿಂದ ಬಿಚ್ಚಿಕೊಂಡು ಬಂದದ್ದು. ನಮ್ಮ ದುಡ್ಡಿನದ್ದು ಅಂತ ಬಿಚ್ಚಿದರು. ಮೈಸೂರಿಗೆ ಬಂದ ಮೇಲೆ ಎಲ್ಲೂ ಹಾಕಲಿಲ್ಲ.

"ಇದನ್ಯಾಕೆ ಇನ್ನೂ ಇಟ್ಕೊಂಡಿದೀಯ, ಗುಜರಿಗೆ ಹಾಕು" ಅಂದರು ಪೇಪರಿನ ಹಿಂದಿನಿಂದ.

"ಇರ್ಲಿ ಬಿಡಿ" ಅಂದೆ.

ಇಂಥ ಸರಪಳಿಯನ್ನು ನೀವು ನೋಡಿರುತ್ತೀರಿ. ಒಂದು ತುದಿ ಬಾಗಿಲುವಾಡಕ್ಕೆ, ಪಟ್ಟಿ ಬಾಗಿಲಿಗೆ. ಗುಂಡಿಯನ್ನು ಸೀಳಿಗೆ ತೂರಿಸಿದರೆ ಬಾಗಿಲು ನಾಲ್ಕು ಬೆರಳಿನಷ್ಟೇ ತೆರೆಯುತ್ತದೆ. ಆಚೆಯವರ ಒಂದು ಕಣ್ಣು, ಅರ್ಧ ಮೂಗು ಕಾಣುತ್ತದೆ. ನೋಡಿ, ಮಾತಾಡಿಸಿ, ಒಳಗೆ ಕರೆಯಬಹುದಾದವರು ಎಂದು ತೀರ್ಮಾನಿಸಿದಿರಿ ಅನ್ನಿ. ಆಗ ಏನು ಮಾಡಬೇಕು? ಅವರ ಮುಖದ ಮೇಲೇ ಬಾಗಿಲು ಮುಚ್ಚಬೇಕು. ಪೂರ್ತಿ ಮುಚ್ಚದೆ ಗುಂಡಿ ಹಿಂದಕ್ಕೆ ಸರಿಯುವುದಿಲ್ಲ. ಇದನ್ನು ಕಂಡುಹಿಡಿದವನ ಮನೆಗೆ ನೆಂಟರಿಷ್ಟರು ಬರುತ್ತಿರಲಿಲ್ಲ ಅಂತ ಕಾಣುತ್ತದೆ.

ನಮ್ಮ ಅಜ್ಜಿಯ ಬಾಗಿಲಿಗೆ ಇಂಥದ್ದೇನೂ ಇರಲಿಲ್ಲ. ಕೊಳ್ಳೇಗಾಲದ ಕಡೆ, ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರ ದಾರಿಯಲ್ಲಿ ಅವಳ ಮನೆ. ಒಳಗೆ ಯೇಸುವಿನ ತಿರುಹೃದಯದ ಪಟ, ಪಟದ ಮುಂದೆ ಆರದ ಕೆಂಪು ದೀಪ. ಹೊರಗೆ ಜಗಲಿಯ ಮೇಲೆ ಹಿತ್ತಾಳೆ ಚೊಂಬು, ಪಕ್ಕದಲ್ಲಿ ಬೆಲ್ಲದ ಬಟ್ಟಲು. ಶಿವರಾತ್ರಿ ಹತ್ತಿರ ಬಂದರೆ ಹಗಲೆಲ್ಲ ಜನ. "ಉಘೇ ಮಾದಪ್ಪ" ಅಂದುಕೊಂಡು ಬಂದವರು ನಮ್ಮ ಕಿರಿಸ್ತಾನರ ಜಗಲಿಯಲ್ಲಿ ಕೂತು ಬೆಲ್ಲ ಕಡಿದು ನೀರು ಕುಡಿದು ಏಳುತ್ತಿದ್ದರು. ಎಂಟು ವರ್ಷದ ನಾನು, ಕಲಿತ ಬುದ್ಧಿ ತೋರಿಸಲು, ಒಬ್ಬರನ್ನು "ನಿಮ್ಮ ಹೆಸರೇನು, ಯಾವೂರು" ಎಂದು ಕೇಳಿದೆ. ಅಜ್ಜಿ ನನ್ನ ಜಡೆ ಹಿಡಿದು ಒಳಗೆ ಎಳೆದುಕೊಂಡಳು.

"ಮೊದ್ಲು ನೀರ್ ಕೊಡಮ್ಮಿ. ಎಸ್ರು ಆಮೇಕೆ. ಬಾಯಾರ್ದೋರ್ಗೆ ಎಸ್ರು ಕೇಳುದ್ರೆ ಚೊಂಬ್ನಲ್ಲಿರ ನೀರು ಉಪ್ಪಾಯ್ತದೆ ಕನಾ."

ನಾನು ಆಮೇಲೆ ಕದ್ದು ಚೊಂಬಿನ ನೀರು ಕುಡಿದು ನೋಡಿದೆ. ಉಪ್ಪಾಗಿರಲಿಲ್ಲ. ಆದರೂ ಹೆಸರು ಕೇಳುವುದನ್ನು ಬಿಟ್ಟೆ.

ಅಜ್ಜಿಯ ಇನ್ನೊಂದು ಅಭ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅವಳ ಮನೆಯಲ್ಲಿ ಗಡಿಯಾರ ಇರಲಿಲ್ಲ, ನಮೋ ಮರಿಯಾ ಪ್ರಾರ್ಥನೆ ಇತ್ತು. ಹಾಲು ಉಕ್ಕಲು ಎಷ್ಟು, ಮೊಟ್ಟೆ ಬೇಯಲು ಎಷ್ಟು ಎಂಬುದಕ್ಕೆಲ್ಲ ಅದೇ ಅಳತೆ. ಮೊಟ್ಟೆಗೆ ಇಪ್ಪತ್ತು. ನಾನು ಹಸಿವಿಗೆ ಗಡಬಡಿಸಿ ಇಪ್ಪತ್ತು ಮುಗಿಸಿದರೆ ಮೊಟ್ಟೆಯೊಳಗೆ ಹಳದಿ ಹಾಗೇ ಹರಿಯುತ್ತಿತ್ತು. "ಮಾತೆಗೂ ಮೊಟ್ಟೆಗೂ ಇಬ್ರುಗೂ ಮೋಸ ಮಾಡ್ದೆ" ಅನ್ನುತ್ತಿದ್ದಳು. ಈಗಲೂ ಕುಕ್ಕರ್ ಮುಂದೆ ನಿಂತರೆ ನನ್ನ ತುಟಿ ತಾನಾಗಿ ಅಲ್ಲಾಡುತ್ತದೆ. ಭಯವಾದಾಗಲೂ ಅಷ್ಟೇ.

ಆಮೇಲೆ ಮೈಸೂರಿನ ಕಾನ್ವೆಂಟು, ಹಾಸ್ಟೆಲ್ಲು. ಪರದೇಶಿಯನ್ನು ಒಳಗೆ ಕರೆದುಕೊಂಡವರು ಒಂದು ಕಡೆ, ಕರೆದುಕೊಳ್ಳದವರು ಇನ್ನೊಂದು ಕಡೆ, ಕಡೆಯ ದಿನ ಸ್ವಾಮಿ ಎರಡು ಸಾಲು ಮಾಡಿ ನಿಲ್ಲಿಸುತ್ತಾನೆ ಎಂದು ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರ್ ಹೇಳಿದಾಗ ನಾನು ಯಾವ ಸಾಲಿನಲ್ಲಿರುತ್ತೇನೆ ಎಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಅಜ್ಜಿಯ ಚೊಂಬು ನನ್ನ ರೇಷನ್ ಕಾರ್ಡು. ಕ್ರಿಸ್ಮಸ್ ನಾಟಕದಲ್ಲಿ ಮಾತ್ರ, ಎತ್ತರ ಜಾಸ್ತಿ ಅಂತ, ಮರಿಯಳ ಪಾತ್ರ ತಪ್ಪಿ ಛತ್ರದ ಯಜಮಾನನ ಪಾತ್ರ ಬಂತು. ತಂಗಲು ಬಂದ ಬಸುರಿ ಮರಿಯಳಿಗೆ "ಜಾಗ ಇಲ್ಲ" ಅಂದು ಬಾಗಿಲು ಮುಚ್ಚಬೇಕು, ಅಷ್ಟೇ. ಆ ದಿನ ರಟ್ಟಿನ ಬಾಗಿಲು ಬಾಗಿಹೋಗಿ ಮುಚ್ಚಲೇ ಇಲ್ಲ. ಮೂರು ಸಲ ತಳ್ಳಿದೆ, ಮೂರು ಸಲವೂ ತೆರೆದುಕೊಂಡಿತು. ಸಭೆಯೆಲ್ಲ ನಕ್ಕಿತು. ಅದನ್ನೂ ನಾನು ಒಂದು ಸೂಚನೆ ಎಂದೇ ತಿಳಿದುಕೊಂಡಿದ್ದೆ.

ನಮ್ಮವರದು ಬ್ಯಾಂಕಿನ ಕೆಲಸ. ಎರಡು ಸಾವಿರದ ಹದಿನಾಲ್ಕರಲ್ಲಿ ವಿಜಯವಾಡಕ್ಕೆ ವರ್ಗವಾಯಿತು. ಪಟಮಟದಲ್ಲಿ ಮನೆ ಹಿಡಿದೆವು. ಲಾರಿಯಿಂದ ಸಾಮಾನು ಇಳಿಯುತ್ತಿದ್ದ ಹಾಗೇ ಕೆಳಗಿನ ಮನೆಯ ಮುದುಕಿ ಒಂದು ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬಿಸಿ ಅನ್ನ, ಪಪ್ಪು ಅನ್ನುವ ತೊವ್ವೆ, ಗೋಂಗುರ ಸೊಪ್ಪಿನ ಚಟ್ನಿ. "ಭೋಂಚೇಸಾರಾ ಅಮ್ಮಾ?" ಎಂದರು. ಊಟ ಆಯಿತಾ ಅಂತ. ಹೆಸರು ಕೇಳಿದ್ದು ಮೂರನೆಯ ದಿನ, ಡಬ್ಬಿ ವಾಪಸು ಕೊಡಲು ಹೋದಾಗ. ಚೊಂಬಿನ ಧರ್ಮ ಕೃಷ್ಣಾ ನದಿಯ ದಡದಲ್ಲೂ ಇದೆಯಲ್ಲ ಎಂದು ನನಗೆ ಖುಷಿಯೋ ಖುಷಿ.

ಆ ಖುಷಿಯಲ್ಲಿ ನಾನು ಸ್ವಲ್ಪ ಅತಿ ಮಾಡಿದೆ. ಒಂದು ಮೇ ತಿಂಗಳ ಮಧ್ಯಾಹ್ನ ಕೊರಿಯರ್ ತಂದವರು ಬಿಸಿಲಿಗೆ ಬವಳಿ ಬಂದವರ ಹಾಗೆ ಕಂಡರು. ಒಳಗೆ ಕರೆದು ಫ್ಯಾನ್ ಕೆಳಗೆ ಕೂರಿಸಿ ಮಜ್ಜಿಗೆ ಕೊಟ್ಟೆ. ಲೋಟ ಇಡಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ದಿವಾನದ ಮೇಲೆ ನಿದ್ದೆ ಹೋಗಿದ್ದರು. ಎಬ್ಬಿಸಲು ಮನಸ್ಸು ಬರಲಿಲ್ಲ. ಊಟಕ್ಕೆ ಬಂದ ನಮ್ಮವರು ಬಾಗಿಲಲ್ಲೇ ನಿಂತರು.

"ಯಾರಿದು?"

"ಗೊತ್ತಿಲ್ಲ. ಹೆಸರು ಕೇಳಿಲ್ಲ."

"ರೀಟಾ, ನಮ್ಮ ಮನೇಲಿ ಮಲಗಿರೋರು ಯಾರು ಅಂತ ನಂಗೆ ಗೊತ್ತಿರಬೇಕಲ್ವಾ?"

ಈ ಕತೆಯನ್ನು ಅವರು ತಮ್ಮ ಶಾಖೆಯಲ್ಲೆಲ್ಲ ಹೇಳಿದರು. ಎರಡು ವರ್ಷದ ಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಗಿ, ಎಂವಿಪಿ ಕಾಲೋನಿಯ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಗೆ ಬಂದಾಗ, ಸಾಮಾನು ಜೋಡಿಸುವ ಮೊದಲೇ ಈ ಸರಪಳಿ ತಂದರು. ಅವರಿಗೆ ಇನ್ಸ್‌ಪೆಕ್ಷನ್ ಕೆಲಸ, ತಿಂಗಳಲ್ಲಿ ಹದಿನೈದು ದಿನ ಊರ ಮೇಲೆ. ಬಾಗಿಲಿಗೆ ಹಾಕಿಕೊಟ್ಟದ್ದು ವಾಚ್‌ಮನ್ ಅಪ್ಪನ್ನ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ, ಒಡಿಶಾ ಗಡಿಯ ಇಚ್ಛಾಪುರದ ಕಡೆಯವರು. ಹಾಕಿ ಮುಗಿಸಿ, ಮುಚ್ಚಿ ತೆಗೆದು ತೋರಿಸಿದರು. ನಾಲ್ಕೈದು ದಿನ ನಾನು ಮುಚ್ಚುವುದನ್ನು ಮರೆತು ಬಾಗಿಲನ್ನು ಎಳೆದಾಡಿದೆ. ಮಗಳು ಶೀಲಾ ನಕ್ಕಳು. ಆಮೇಲೆ ರೂಢಿಯಾಯಿತು. ರೂಢಿ ಎಂದರೆ, ಬಂದವರ ಮುಖದ ಮೇಲೆ ಬಾಗಿಲು ಹಾಕುವಾಗ ಮೊದಮೊದಲು "ಒಂದು ನಿಮಿಷ ಅಂಡಿ" ಅನ್ನುತ್ತಿದ್ದೆ. ಬರಬರುತ್ತ ಅನ್ನುವುದು ಬಿಟ್ಟುಹೋಯಿತು.

ಎರಡು ಸಾವಿರದ ಹದಿನೆಂಟರ ಬೇಸಿಗೆಯಲ್ಲಿ ಫೋನಿನಲ್ಲಿ ಒಂದು ಸುದ್ದಿ ಹರಿದಾಡತೊಡಗಿತು. ಮಕ್ಕಳನ್ನು ಎತ್ತಿಕೊಂಡು ಹೋಗುವವರು ಊರೊಳಗೆ ಬಂದಿದ್ದಾರೆ, ಹೆಂಗಸರೂ ಇದ್ದಾರೆ, ಗಂಟು ಹೊತ್ತುಕೊಂಡು ಬರುತ್ತಾರೆ, ನೀರು ಕೇಳುವ ನೆಪದಲ್ಲಿ ಮನೆ ನೋಡುತ್ತಾರೆ, ತೆಲುಗು ಬಾರದವರು ಕಂಡರೆ ಹುಷಾರು. ಜೊತೆಗೆ ನೋಡಲಾಗದಂಥ ಒಂದೆರಡು ಫೋಟೋ. ತೆಲುಗಿನಲ್ಲಿ ಇದ್ದದ್ದನ್ನು ಶೀಲಾ ಓದಿ ಹೇಳಿದಳು. ಅವಳಿಗೆ ಹನ್ನೆರಡು, ಕನ್ನಡಕ್ಕಿಂತ ತೆಲುಗೇ ನಾಲಿಗೆಗೆ ಹಗುರ. ನಮ್ಮ ಇಗರ್ಜಿಯ ಮಹಿಳೆಯರ ಗುಂಪಿನಲ್ಲಿ ಮಲಯಾಳಿಗಳು, ತಮಿಳರು ಇದ್ದರು, ತೆಲುಗು ಓದಲು ಬಾರದವರು. ಪಾಪ, ಅವರಿಗೂ ತಿಳಿಯಲಿ ಅಂತ ನಾನು ಕೂತು ಅದನ್ನು ಒಳ್ಳೆ ಇಂಗ್ಲಿಷಿಗೆ ಇಳಿಸಿದೆ. ಬ್ಯಾಂಕಿನ ಕನ್ನಡ ಕುಟುಂಬಗಳ ಗುಂಪಿಗೆ ಕನ್ನಡದಲ್ಲೂ ಬರೆದೆ. ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಸರಿಯಾಗಿ ಹಾಕಿದೆ. ಕೊನೆಯಲ್ಲಿ ನನ್ನದೇ ಒಂದು ಸಾಲು ಸೇರಿಸಿದೆ: ಯಾರು ನೀರು ಕೇಳಿದರೂ ಬಾಗಿಲು ತೆರೆಯಬೇಡಿ, ದೇವರು ಕಾಪಾಡಲಿ.

"ವೆರಿ ವೆಲ್ ರಿಟನ್ ರೀಟಾ" ಎಂದು ಮೂವರು ಹೊಗಳಿದರು. ಕಾನ್ವೆಂಟಿನ ಸಿಸ್ಟರ್ ನೆನಪಾದರು. ಹೊಗಳಿಕೆ ಬಂದ ಸಂತೋಷಕ್ಕೆ ಅದನ್ನು ಇನ್ನೆರಡು ಕಡೆ ಕಳಿಸಿದೆ.

ನಾಲ್ಕು ದಿನ ಕಳೆದಿರಬೇಕು. ಮಧ್ಯಾಹ್ನ ಮೂರರ ಹೊತ್ತು, ಕರೆಂಟು ಹೋಗಿತ್ತು. ಸಮುದ್ರ ಅಷ್ಟು ಹತ್ತಿರ ಇದ್ದೂ ಗಾಳಿ ಒಂದಿಷ್ಟೂ ಇಲ್ಲ. ಶೀಲಾ ನೆಲದ ಮೇಲೆ ಅಂಗಾತ ಮಲಗಿ ರಟ್ಟಿನಿಂದ ಬೀಸಿಕೊಳ್ಳುತ್ತಿದ್ದಳು. ಕೆಳಗೆ ಗೇಟಿನ ಹತ್ತಿರ ಯಾರೋ ಕೂಗಿದ್ದು ಕೇಳಿಸಿತು. ಮತ್ತೊಬ್ಬರು ಕೂಗಿದರು. ಆಮೇಲೆ ಮೆಟ್ಟಿಲ ಮೇಲೆ ಬರಿಗಾಲಿನ ಸದ್ದು, ಓಡಿ ಹತ್ತುವ ಸದ್ದು. ನಮ್ಮ ಬಾಗಿಲ ಮೇಲೆ ಅಂಗೈ ಬಡಿಯಿತು. ಒಂದು ಸಲ ಅಲ್ಲ, ಬಿಟ್ಟೂ ಬಿಡದೆ.

ತೆರೆದೆ. ನಾಲ್ಕು ಬೆರಳು.

ನನ್ನ ವಯಸ್ಸಿಗಿಂತ ಸ್ವಲ್ಪ ಹೆಚ್ಚಿನವಳು. ಎರಡೂ ಹೊಳ್ಳೆಗೆ ಮೂಗುಬಟ್ಟು, ಮೊಣಕೈವರೆಗೆ ಹಸಿರು ಹಚ್ಚೆ. ಸೆರಗು ಜಾರಿ ಕೂದಲು ಹಣೆಗೆ ಅಂಟಿತ್ತು. ಎದೆಗೆ ಒಂದು ಗಂಟು ಅವುಚಿಕೊಂಡಿದ್ದಳು. ಬಿರುಕಿನಲ್ಲಿ ಕಂಡ ಆ ಒಂದು ಕಣ್ಣು ನನ್ನನ್ನಲ್ಲ, ನನ್ನ ಹಿಂದಿನ ನೆರಳನ್ನು ನೋಡುತ್ತಿತ್ತು. ಬಾಯಿಂದ ಬಂದದ್ದು ಒಂದೇ ಮಾತು.

"ಪಾಣಿ."

ನೀರು. ಯಾವ ಭಾಷೆಯವರಿಗೂ ಗೊತ್ತಾಗುತ್ತದೆ.

ಸರಪಳಿ ತೆಗೆಯಬೇಕು ಅಂತ ಬಾಗಿಲು ಮುಚ್ಚಿದೆ. ಇಷ್ಟು ನಿಜ. ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಮುಚ್ಚಿ, ಗುಂಡಿಯ ಮೇಲೆ ಬೆರಳಿಟ್ಟೆ. ಆಗ ಶೀಲಾ ಹಿಂದಿನಿಂದ ನನ್ನ ಸೀರೆ ಹಿಡಿದಳು. "ಅಮ್ಮಾ, ಗಂಟು ಇದೆ. ನೀರು ಕೇಳಿದ್ಲು. ನೀನೇ ಬರೆದಿದ್ಯಲ್ಲ. ತೆಗೀಬೇಡ, ಪ್ಲೀಸ್."

ನನ್ನ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು. ತುಟಿ ತಾನಾಗಿ ಅಲ್ಲಾಡತೊಡಗಿತು. ಅದಕ್ಕೇ ಎಷ್ಟು ಹೊತ್ತು ಎಂದು ನನಗೆ ಖಚಿತವಾಗಿ ಗೊತ್ತು. ಮೂರು ನಮೋ ಮರಿಯಾ. ಗಡಬಡಿಸಿದ್ದಲ್ಲ, ಅಜ್ಜಿ ಹೇಳುತ್ತಿದ್ದ ಹಾಗೆ ನಿಧಾನಕ್ಕೆ. ಬಾಗಿಲ ಆಚೆ ಉಸಿರಾಟ ಕೇಳುತ್ತಿತ್ತು. ಎರಡನೆಯದು ಮುಗಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಬೂಟುಕಾಲುಗಳು ಬಂದವು. ಮೂರನೆಯದರ ನಡುವೆ ಆಚೆಯ ಉಸಿರಾಟ ನಿಂತಿತು.

ತೆರೆದಾಗ ಯಾರೂ ಇರಲಿಲ್ಲ. ಹಳದಿ ಬಣ್ಣದ ಬಾಗಿಲ ಮೇಲೆ ಬೆವರಿನ ಅಂಗೈ ಗುರುತು, ಐದೂ ಬೆರಳು. ಎದುರು ಮನೆಯ ಬಾಗಿಲು ಸ್ವಲ್ಪವೇ ತೆರೆದಿತ್ತು, ನಾಲ್ಕು ಬೆರಳು. ಅದರೊಳಗಿಂದ ಸತ್ಯವತಿ ಗಾರು, ರಿಟೈರಾದ ಟೀಚರು, ನನ್ನನ್ನು ನೋಡುತ್ತಿದ್ದರು.

ಅಡುಗೆಮನೆಗೆ ಹೋದೆ. ಸ್ಟೀಲ್ ಚೊಂಬಿಗೆ ನೀರು ತುಂಬಿದೆ. ಕೈ ತಾನಾಗಿ ಬೆಲ್ಲದ ಡಬ್ಬಿಗೆ ಹೋಯಿತು. ಶೀಲಾಗೆ ಒಳಗಿನಿಂದ ಸರಪಳಿ ಹಾಕಿಕೊಳ್ಳಲು ಹೇಳಿದೆ. ಅವಳು ಅಳುತ್ತಿದ್ದಳು. ಕೆಳಗೆ ಇಳಿಯುವಾಗ ಮೆಟ್ಟಿಲಿಗೊಂದು ಹನಿ ನೀರು ಚೆಲ್ಲುತ್ತಾ ಹೋದೆ.

ಗೇಟಿನ ಒಳಗೆ, ಸ್ಕೂಟರುಗಳ ನಡುವೆ ಹದಿನೈದು ಜನ ಇದ್ದಿರಬಹುದು. ಅರ್ಧ ನಮ್ಮ ಅಪಾರ್ಟ್‌ಮೆಂಟಿನವರೇ. ದಿನಾ "ಗುಡ್ ಮಾರ್ನಿಂಗ್ ಮೇಡಂ" ಅನ್ನುವವರು. ಒಬ್ಬನ ಕೈಯಲ್ಲಿ ಕ್ರಿಕೆಟ್ ಸ್ಟಂಪ್, ಇನ್ನೊಬ್ಬ ಫೋನು ಎತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದ, ಮತ್ತೊಬ್ಬ ಫೋನಿನಲ್ಲಿ "ಬೇಗ ಬನ್ರಿ, ಸಿಕ್ಕಿದ್ದಾಳೆ" ಅಂತ ತೆಲುಗಿನಲ್ಲಿ ಯಾರನ್ನೋ ಕರೆಯುತ್ತಿದ್ದ. ಅವಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಕೆನ್ನೆ ಕೆಂಪಾಗಿತ್ತು. ಗಂಟು ಬಿಚ್ಚಿ ಸುರಿದಿದ್ದರು. ಅಂಗೈಯಗಲದ ಎರಡು ಫ್ರಾಕು, ಒಂದು ಕುಲಾವಿ, ಗೆಜ್ಜೆ ಕಟ್ಟಿದ ಕರಿ ಉಡಿದಾರ.

"ಎವರಿ ಪಿಲ್ಲ ಬಟ್ಟಲು ಇವಿ?" ಸ್ಟಂಪಿನವನು ಫ್ರಾಕನ್ನು ಅದರ ತುದಿಯಿಂದ ಎತ್ತಿ ಕೇಳಿದ. ಯಾರ ಮಗುವಿನ ಬಟ್ಟೆ ಇವು. ಅವಳು ಕೈ ಮುಗಿದು ಏನೋ ಹೇಳುತ್ತಿದ್ದಳು. ಅವರಿಗೆ ತಿಳಿಯುತ್ತಿರಲಿಲ್ಲ. ತಿಳಿಯದ ಒಂದೊಂದು ಮಾತಿಗೂ ಅವರ ಸ್ವರ ಏರುತ್ತಿತ್ತು. ವಾಚ್‌ಮನ್ ಅಪ್ಪನ್ನ ಗೇಟಿಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ ನಿಂತಿದ್ದರು.

ಸತ್ಯವಾಗಿ ಹೇಳುತ್ತೇನೆ, ನನಗೆ ಆ ಹೊತ್ತಿಗೆ ತೆಲುಗು ಮರೆತೇಹೋಯಿತು. ನಾಲ್ಕು ವರ್ಷ ಕಲಿತದ್ದು. "ಬಿಡ್ರಪ್ಪಾ, ನೀರು ಕೊಡಬೇಕು ಅವ್ರಿಗೆ" ಅಂದೆ. ಬಂದದ್ದು ಕನ್ನಡ.

ಸ್ಟಂಪಿನವನು ತಿರುಗಿದ. ಅವನು ಪಕ್ಕದ ಬೀದಿಯವನು, ನನ್ನ ಪರಿಚಯವಿಲ್ಲ. "ಈವಿಡೆವರು? ಏ ಭಾಷ ಇದಿ?" ಇವಳ್ಯಾರು, ಇದ್ಯಾವ ಭಾಷೆ. ಫೋನು ನನ್ನ ಕಡೆ ತಿರುಗಿತು. ನಾನೇ ಇಂಗ್ಲಿಷಿಗೆ ಇಳಿಸಿದ ಸಾಲು ನೆನಪಾಯಿತು: ತೆಲುಗು ಬಾರದವರು ಕಂಡರೆ ಹುಷಾರು.

"ಮಾ ಎದುರಿಂಟಾವಿಡ. ಕನ್ನಡಂ ವಾಳ್ಳು." ನಮ್ಮ ಎದುರು ಮನೆಯಾಕೆ, ಕನ್ನಡದವರು ಅಂದದ್ದು ಮೆಟ್ಟಿಲ ಹತ್ತಿರ ನಿಂತಿದ್ದ ಸತ್ಯವತಿ ಗಾರು. ನನ್ನ ಹಿಂದೆಯೇ ಇಳಿದು ಬಂದಿದ್ದರು.

ಆಗ ತೆಲುಗು ಸ್ವಲ್ಪ ವಾಪಸು ಬಂತು. "ಮಾ ಇಂಟಿಕೊಚ್ಚಿನ ಮನಿಷಿ" ಅಂದೆ. ನಮ್ಮ ಮನೆಗೆ ಬಂದವರು. ಸುಳ್ಳಲ್ಲ.

"ಹಾಗಾದ್ರೆ ಬಾಗಿಲು ಯಾಕೆ ಹಾಕಿಕೊಂಡಿರಿ?" ಸತ್ಯವತಿ ಗಾರು ತೆಲುಗಿನಲ್ಲಿ, ತರಗತಿಯಲ್ಲಿ ಕೇಳುವ ಹಾಗೆ, ಸ್ವರ ಏರಿಸದೆ ಕೇಳಿದರು. "ನಾನು ನೋಡಿದೆ. ಆಕೆ ಬಡಿದಳು, ನೀವು ನೋಡಿದಿರಿ, ಹಾಕಿಕೊಂಡಿರಿ. ಇಷ್ಟು ಹೊತ್ತು ತೆರೆಯಲಿಲ್ಲ. ಮನೆಗೆ ಬಂದವರಿಗೆ ಹಾಗೆ ಮಾಡ್ತಾರಾ?"

ಎಲ್ಲರೂ ನನ್ನನ್ನು ನೋಡಿದರು. ಕೂತಿದ್ದವಳೂ ನೋಡಿದಳು. ಚೊಂಬಿನ ನೀರು ತುಳುಕುತ್ತಿತ್ತು.

"ಗೊಲುಸು ತೀಯಾಲಂಟೇ ಮುಂದು ತಲುಪು ವೇಯಾಲಿ ಕದಂಡಿ."

ಹೇಳಿದ್ದು ಅಪ್ಪನ್ನ. ತಲೆ ಎತ್ತಿರಲಿಲ್ಲ. ಸರಪಳಿ ತೆಗೆಯಬೇಕೆಂದರೆ ಮೊದಲು ಬಾಗಿಲು ಹಾಕಬೇಕಲ್ಲ. "ನಾನೇ ಹಾಕಿಕೊಟ್ಟದ್ದು. ಮೇಡಂಗೆ ಅದು ಸಲೀಸಾಗಿ ಬರೋದಿಲ್ಲ. ಹೊತ್ತು ಹಿಡಿಯುತ್ತೆ."

ಸತ್ಯವತಿ ಗಾರು ತಮ್ಮ ಬಾಗಿಲಿಗೂ ಅಂಥದ್ದೇ ಹಾಕಿಸಿಕೊಂಡಿದ್ದವರು. ಒಂದು ಕ್ಷಣ ಯೋಚಿಸಿದರು. "ಅವುನು" ಅಂದರು. ಹೌದು.

ನಾನು ಅಲ್ಲಗಳೆಯಲಿಲ್ಲ. ಗುಂಡಿ ತಡೆಯಿತು ಎಂಬ ಹಾಗೆ ಸುಮ್ಮನಿದ್ದೆ.

ಹೋಗಿ ಅವಳ ಮುಂದೆ ಕೂತು ಚೊಂಬು ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ಬಿರುಕಿನಲ್ಲಿ ಅವಳಿಗೂ ನನ್ನ ಒಂದು ಕಣ್ಣು, ಅರ್ಧ ಮೂಗು ಕಂಡಿತ್ತಲ್ಲ. ಗುರುತು ಹಿಡಿದಳು. ಅವಳು ಈ ನೀರು ಮುಟ್ಟದಿದ್ದರೆ ನಮ್ಮ ಮನೆಗೆ ಬಂದವಳು ಎಂಬ ನನ್ನ ಮಾತಿಗೆ ಬೆಲೆ ಇಲ್ಲ ಎಂದು ನನಗೆ ಗೊತ್ತಿತ್ತು. ಸ್ಟಂಪು ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಗೇಟಿನಾಚೆ ಎರಡು ಬೈಕು ಬಂದು ನಿಂತವು.

ಬೆಲ್ಲದ ಚೂರನ್ನು ಎರಡು ಮಾಡಿ ಒಂದನ್ನು ನನ್ನ ಬಾಯಿಗೆ ಹಾಕಿಕೊಂಡೆ. ಚೊಂಬು ಎತ್ತಿ ಒಂದು ಗುಟುಕು ನೀರು ಕುಡಿದೆ. ಇನ್ನೊಂದು ಚೂರನ್ನು ಅಂಗೈಯಲ್ಲಿಟ್ಟು ಚಾಚಿ ಹಾಗೇ ಕೂತೆ.

ಅವಳು ಬೆಲ್ಲ ತೆಗೆದುಕೊಂಡಳು. ಆಮೇಲೆ ಚೊಂಬು. ತಲೆ ಹಿಂದಕ್ಕೆ ಬಾಗಿಸಿ ಒಂದೇ ಸಮ ಕುಡಿದಳು. ಕುಡಿಯುವವರ ಗಂಟಲು ಏರಿಳಿಯುವುದನ್ನು ನೋಡುತ್ತ ನಿಂತವರಿಗೆ ಮಾತಾಡಲು ಆಗುವುದಿಲ್ಲ, ನೀವು ಗಮನಿಸಿದ್ದೀರಾ? ಹದಿನೈದು ಜನ ಬಿಸಿಲಲ್ಲಿ ಸುಮ್ಮನೆ ನಿಂತು ಆ ಸದ್ದು ಕೇಳಿದರು. ಒಬ್ಬರು ಎಂಜಲು ನುಂಗಿದರು. ಫೋನು ಇಳಿಯಿತು.

ಆ ಮೌನದಲ್ಲಿ ಅಪ್ಪನ್ನ ಗೇಟು ಬಿಟ್ಟು ಮುಂದೆ ಬಂದು, ಅವಳ ಪಕ್ಕದಲ್ಲಿ ಕೂತು, ಮೆಲ್ಲಗೆ ಏನೋ ಕೇಳಿದರು. ತೆಲುಗಲ್ಲ, ಒಡಿಯಾ. ಅವಳು ಬೆಚ್ಚಿ ಅವರ ತೋಳು ಹಿಡಿದುಕೊಂಡು ಹೊಳೆ ಹರಿದ ಹಾಗೆ ಮಾತಾಡಿದಳು. ಅಪ್ಪನ್ನ ಎಲ್ಲರಿಗೂ ತೆಲುಗಿನಲ್ಲಿ ಹೇಳಿದರು. ಆಕೆಯ ಮಗಳು ಇಲ್ಲೇ ಎರಡು ಬೀದಿ ಆಚೆ, ಕಟ್ಟುತ್ತಿರುವ ಬಿಲ್ಡಿಂಗಿನ ವಾಚ್‌ಮನ್ನಿನ ಹೆಂಡತಿ. ಹೆರಿಗೆಯಾಗಿ ಇಪ್ಪತ್ತು ದಿನ. ಮೊಮ್ಮಗಳಿಗೆ ಬಟ್ಟೆ ಹೊಲಿದು ತಂದಿದ್ದಾಳೆ. ವಿಳಾಸದ ಚೀಟಿ ಬೆವರಿಗೆ ಅಳಿಸಿಹೋಗಿದೆ. ಮನೆಮನೆಗೆ ನೋಡುತ್ತ ಬಂದಳು.

ಫ್ರಾಕು ಹಿಡಿದಿದ್ದವನು ಅದನ್ನು ಎಲ್ಲಿಡುವುದು ಎಂದು ತಿಳಿಯದೆ ಸುತ್ತಮುತ್ತ ನೋಡಿದ. ಸತ್ಯವತಿ ಗಾರು ಅವನ ಕೈಯಿಂದ ತೆಗೆದುಕೊಂಡು, ಧೂಳು ಕೊಡವಿ, ಮಡಿಸಿ ಗಂಟಿಗೆ ಸೇರಿಸಿದರು. "ಇಂಟಿಕೆಳ್ಳಂಡಿ ಬಾಬು" ಅಂದರು ಎಲ್ಲರಿಗೂ. ಮನೆಗೆ ಹೋಗಿ. ಹೋದರು. ಯಾರೂ ಅವಳ ಕೆನ್ನೆ ನೋಡಲಿಲ್ಲ.

ಅವಳನ್ನು ಮೇಲೆ ಕರೆದುಕೊಂಡು ಹೋಗುವಾಗ ಮೆಟ್ಟಿಲ ತಿರುವಿನಲ್ಲಿ ಅಪ್ಪನ್ನನನ್ನು ಕೇಳಿದೆ, ನಿಮಗೆ ಮೊದಲೇ ಅರ್ಥವಾಗುತ್ತಿತ್ತಲ್ಲವೇ ಅಂತ. ಕೇಳಬಾರದಿತ್ತೇನೋ. ಅವರು ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು.

"ನಮ್ಮ ಮನೆಯಾಕೆಯ ಭಾಷೆ ಮೇಡಂ ಅದು. ಅಷ್ಟು ಜನದ ನಡುವೆ ನನಗೂ ಆ ಭಾಷೆ ಬರುತ್ತೆ ಅಂತ ಹೇಳೋಕೆ..." ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. "ನಾಕೂ ಭಯಂ ವೇಸಿಂದಿ." ನನಗೂ ಭಯವಾಯಿತು.

ಅವರು ನನಗೆ ಸರಪಳಿಯ ನೆಪ ಕೊಟ್ಟದ್ದು ಯಾಕೆ ಎಂದು ಆಗ ತಿಳಿಯಿತು. ಬಾಗಿಲ ಹಿಂದೆ ನಿಂತವಳನ್ನು ಗೇಟಿಗೆ ಒರಗಿ ನಿಂತವರು ಗುರುತು ಹಿಡಿದಿದ್ದರು.

ಕುರ್ಚಿ ಹಾಕಿದರೂ ಅವಳು ಬಾಗಿಲ ಪಕ್ಕದ ನೆಲದಲ್ಲೇ ಕೂತಳು. ಮೊಸರನ್ನ, ಮಾವಿನ ಉಪ್ಪಿನಕಾಯಿ ಕೊಟ್ಟೆ. ತಿನ್ನುತ್ತ ಆಗಾಗ ತಲೆ ಎತ್ತಿ ಬಾಗಿಲನ್ನು, ಇಳಿಬಿದ್ದ ಸರಪಳಿಯನ್ನು ನೋಡುತ್ತಿದ್ದಳು. ಶೀಲಾ ದೂರ ಕೂತಿದ್ದವಳು ಮೆಲ್ಲಗೆ ಹತ್ತಿರ ಸರಿದು ಅದೇ ರಟ್ಟಿನಿಂದ ಅವಳಿಗೆ ಬೀಸತೊಡಗಿದಳು. ತಿಂದಾದ ಮೇಲೆ ಅಪ್ಪನ್ನ ಅವಳನ್ನು ಮಗಳ ಹತ್ತಿರ ಬಿಟ್ಟು ಬಂದರು. ಇದೆಲ್ಲದರ ನಡುವೆ ಹೆಸರು ಕೇಳುವುದನ್ನು ಮರೆತೇಬಿಟ್ಟೆ.

ಆ ಸಂಜೆ ಎಲ್ಲ ಗುಂಪುಗಳಿಗೂ ಬರೆದೆ. ನಾನು ಕಳಿಸಿದ್ದು ನಿಜವಲ್ಲ, ನಿಜವೇ ಎಂದು ನೋಡದೆ ಕಳಿಸಿದೆ, ಅದರಿಂದ ಒಬ್ಬ ತಾಯಿಗೆ ಏಟು ಬಿತ್ತು, ಕ್ಷಮಿಸಿ. ಇದಕ್ಕೂ ಅಲ್ಪವಿರಾಮ, ಪೂರ್ಣವಿರಾಮ ಸರಿಯಾಗಿದ್ದವು. ಯಾರೂ ಹೊಗಳಲಿಲ್ಲ. ಎರಡು ಕೈಮುಗಿದ ಚಿತ್ರ ಬಂದವು. ಮರುದಿನ ಯಾರೋ ಹಳೆಯದನ್ನೇ ಮತ್ತೆ ಕಳಿಸಿದರು, ನನ್ನ ಕೊನೆಯ ಸಾಲು ಸಮೇತ.

ಶನಿವಾರ ಪಾಪನಿವೇದನೆಗೆ ಹೋದೆ. ನನ್ನ ತೆಲುಗು ತರಕಾರಿ ಕೊಳ್ಳುವ ಮಟ್ಟದ್ದು, ಪಾಪ ಹೇಳಿಕೊಳ್ಳುವಷ್ಟಿಲ್ಲ. ಇಂಗ್ಲಿಷಿನಲ್ಲಿ ಹೇಳಿದೆ. ಪಾದ್ರಿಗಳು ವಯಸ್ಸಾದವರು, ಸಮಾಧಾನದಿಂದ ಕೇಳಿದರು. "ಕೊನೆಗೆ ತೆರೆದಿರಲ್ಲ" ಅಂದರು. ತೆರೆದೆ ಫಾದರ್, ಮೂರು ನಮೋ ಮರಿಯಾ ಆದ ಮೇಲೆ ಅಂದೆ. ಪ್ರಾಯಶ್ಚಿತ್ತಕ್ಕೆ ಹತ್ತು ನಮೋ ಮರಿಯಾ ಕೊಟ್ಟರು. ಪ್ರಾರ್ಥನೆ ಮಾಡುತ್ತಲೇ ಮಾಡಿದ ಪಾಪಕ್ಕೆ ಅದೇ ಪ್ರಾರ್ಥನೆ. ಹೇಳಿ ಮುಗಿಸಿದೆ. ಆದರೆ ಆ ಮಧ್ಯಾಹ್ನ ನಾನು ಬಾಗಿಲು ಮುಚ್ಚಿದ್ದು ತೆರೆಯುವುದಕ್ಕೋ, ಮುಚ್ಚುವುದಕ್ಕೋ? ಮೊದಲು ಅದಕ್ಕೆ, ಆಮೇಲೆ ಇದಕ್ಕೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಯಾವ ಗಳಿಗೆಯಲ್ಲಿ ಅದು ಇದಾಯಿತು ಎಂದು ಮಾತ್ರ ಗೊತ್ತಾಗಲಿಲ್ಲ.

ಸರಪಳಿ ಕಿತ್ತು ಎಸೆದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಎಸೆಯಲಿಲ್ಲ. ನಮ್ಮವರು ಊರ ಮೇಲಿರುತ್ತಿದ್ದರು, ಮನೆಯಲ್ಲಿ ಬೆಳೆಯುವ ಮಗಳು. ದಿನಾ ಹಾಕುತ್ತಿದ್ದೆ.

ಒಂದು ತಿಂಗಳಾಗಿರಬೇಕು. ಬೆಳಗ್ಗೆ ಹತ್ತು ಗಂಟೆ. ಬಾಗಿಲ ಮೇಲೆ ಅಂಗೈ ಸದ್ದು. ಮೆಲ್ಲಗೆ, ಎರಡೇ ಸಲ.

ತೆರೆದೆ. ನಾಲ್ಕು ಬೆರಳು. ಎರಡೂ ಹೊಳ್ಳೆಗೆ ಮೂಗುಬಟ್ಟು. ಹಿಂದೆ ಬಾಣಂತಿ ಮುಖದ ಹುಡುಗಿ, ಸೆರಗಿನ ಅಂಚು ಬಾಯಲ್ಲಿ ಕಚ್ಚಿಕೊಂಡಿದ್ದಳು. ಅವಳ ತೋಳಿನಲ್ಲಿ ಆ ಫ್ರಾಕು, ಅದರೊಳಗೆ ಮಗು. ಮಗುವಿನ ಅಜ್ಜಿ ನನ್ನನ್ನು ನೋಡಿ ನಕ್ಕಳು. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಏನೋ ಇತ್ತು.

ನಾನು ಬಾಗಿಲ ಹಿಡಿ ಹಿಡಿದುಕೊಂಡು ನಿಂತೆ. ಈಗ ಮುಚ್ಚಬೇಕು. ಈ ಮುಖದ ಮೇಲೆ, ಮತ್ತೊಂದು ಸಲ. ಒಂದು ನಿಮಿಷ ಎನ್ನಲು ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಬಿರುಕಿನಿಂದ ಬೆರಳು ಹೊರಗೆ ಚಾಚಿ, ತಡಿ ಎಂಬ ಹಾಗೆ ಏನೋ ಸನ್ನೆ ಮಾಡಿದೆ. ಅರ್ಥವಾಗುವಂಥ ಸನ್ನೆಯಲ್ಲ.

ಅವಳು ನನ್ನ ಬೆರಳು ನೋಡಿದಳು, ಸರಪಳಿ ನೋಡಿದಳು. ಬೆರಳುಗಳನ್ನು ಮೆತ್ತಗೆ ಒಳಕ್ಕೆ ತಳ್ಳಿದಳು. ಆಮೇಲೆ ಹೊರಗಿನಿಂದ ಬಾಗಿಲ ಹಿಡಿ ಹಿಡಿದು, ಅವಳೇ ತನ್ನ ಕಡೆಗೆ ಎಳೆದು ಬಾಗಿಲು ಮುಚ್ಚಿಕೊಂಡಳು. ನನಗೆ ತೆಗೆಯಲು ಆಗಲಿ ಅಂತ.

ಆಚೆ ಮಗು ಸೀನಿತು. ಅವರು ಕಾಯುತ್ತಿದ್ದರು. ಗುಂಡಿಯನ್ನು ಸೀಳಿನಿಂದ ಹಿಂದಕ್ಕೆ ಸರಿಸಿದೆ.